ಹೊಲಿಗೆ ಶೆಡ್ಡಿನ ಕಸರತ್ತು

ಅಂಕಲಗಿಯ ದಾಕ್ಷಾಯಿಣಿ ಮದುವೆಯಾಗಿ ಯಮಕನಮರಡಿಗೆ ಬಂದಾಗ ಅವಳಿಗೆ ಗುಂಡಿ ಹಚ್ಚುವುದೊಂದೇ ಗೊತ್ತಿತ್ತು. ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುತ್ತ ಹೊಲಿಯುತ್ತ ಈಗ ಅಲ್ಲಿಯೇ ಸೂಪರ್‌ವೈಸರ್ ಆಗಿದ್ದಾಳೆ. ಬಾಯಿ ಬೊಂಬಾಯಿ. ಆದರೆ ಯಾರಿಗಾದರೂ ತಲೆನೋವೆಂದರೆ ಮೊದಲು ಚಹಾ ತರಿಸುವವಳೂ ಅವಳೇ.

ಹೋದ ವರ್ಷ ಮಾಲೀಕರು ನೌಕರರ ಆರೋಗ್ಯಕ್ಕೆಂದು ಶಿಬಿರ ಮಾಡಿಸಿದರು. ಬಂದ ಡಾಕ್ಟರು ಅಲ್ಲಿ ಹೊಲಿಯುವ ಸಾತವ್ವನಿಗೆ ಸಕ್ಕರೆ ಕಾಯಿಲೆ ಇದೆ, ಪಾದಗಳು ಜೋಮು ಹಿಡಿಯುತ್ತಿವೆ, ಕೂತಲ್ಲೇ ಕೂತಿದ್ದರೆ ಮಷೀನಿನ ಪೆಡಲ್ ತುಳಿದದ್ದೂ ತಿಳಿಯದಂತಾದೀತು ಎಂದರು. ಗಂಡ ತೀರಿಕೊಂಡ ಸಾತವ್ವನ ಮನೆ ನಡೆಯುವುದೇ ಆ ಪೆಡಲಿನ ಮೇಲೆ.

ದಿನಾ ಮಧ್ಯಾಹ್ನ ಚಹಾಕ್ಕೆ ಮುಂಚೆ ಎಲ್ಲರೂ ಕಸರತ್ತು ಮಾಡಬೇಕೆಂದಾಯಿತು. ಹೊಲದಲ್ಲಿ ಕಸ ಕಿತ್ತು ಬಂದವರಿಗೆ ಮತ್ತೆಂಥ ಕಸರತ್ತು ಎಂದು ಹೆಂಗಸರು ನಕ್ಕರು. ಅವರನ್ನು ಎಬ್ಬಿಸಿದವನು ಮಷೀನು ರಿಪೇರಿಯ ದುರ್ಗಪ್ಪ. ಹರೆಯದಲ್ಲಿ ಗರಡಿ ಮಣ್ಣು ಮುಟ್ಟಿದವನು. ಹೊಸ ಬೂಟು ಕೊಂಡು, ಎಲ್ಲರ ಮುಂದೆ ನಿಂತು, ನಗಿಸುತ್ತ ಕೈಕಾಲು ಆಡಿಸುತ್ತಿದ್ದ. ಅವನ ಹುರುಪಿಗೆ ಶೆಡ್ಡೆಲ್ಲ ಎದ್ದು ನಿಂತಿತು. ಸಾತವ್ವ ಮಾತ್ರ ಏಳಲಿಲ್ಲ.

ದಾಕ್ಷಾಯಿಣಿ ತಿಳಿಹೇಳಿದಳು, ಹೆದರಿಸಿದಳು. ಕಲ್ಲಿನ ಮೇಲೆ ಮಳೆಗರೆದಂತಾಯಿತು. ಕಡೆಗೆ ಎಲ್ಲರೆದುರು ಮೈಗಳ್ಳಿ ಎಂದೂ ಅಂದುಬಿಟ್ಟಳು. ಸಾತವ್ವ ತಲೆ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಹೊಲಿಯುತ್ತಲೇ ಇದ್ದಳು.

ಒಂದು ದಿನ ದುರ್ಗಪ್ಪ ಮಷೀನಿನ ಸಾಮಾನು ತರಲು ಹುಕ್ಕೇರಿಗೆ ಹೋಗಿದ್ದ. ಅವತ್ತು ಹೆಂಗಸರು ತಾವೇ ಕಸರತ್ತಿಗೆ ನಿಂತಾಗ ಸಾತವ್ವ ಯಾರೂ ಕರೆಯದೆಯೇ ಎದ್ದು ಬಂದು ಹಿಂದಿನ ಸಾಲಿನಲ್ಲಿ ನಿಂತಳು. ಕೈ ಮೇಲೆತ್ತಿದಾಗ ಸೆರಗು ತಲೆಯಿಂದ ಜಾರಿತು. ಅವಳು ಲೆಕ್ಕಿಸಲಿಲ್ಲ. ಆಗ ದಾಕ್ಷಾಯಿಣಿಗೆ ಹೊಳೆಯಿತು. ದುರ್ಗಪ್ಪ ಸಾತವ್ವನ ಗಂಡನ ಅಣ್ಣ. ಭಾವನೆದುರು ತಲೆ ಮೇಲಿನ ಸೆರಗು ಜಾರಬಾರದು, ನೇರ ಮಾತೂ ಆಡಬಾರದು. ದಾಕ್ಷಾಯಿಣಿಯ ಮನೆಯಲ್ಲೂ ಅದೇ ರೂಢಿ. ಆದರೆ ಅದೆಲ್ಲ ಶೆಡ್ಡಿನ ಬಾಗಿಲಾಚೆ ಉಳಿಯುತ್ತದೆಂದು ಅವಳು ತಿಳಿದಿದ್ದಳು. ಮೈಗಳ್ಳಿ ಎಂದದ್ದು ನೆನೆದು ಅವಳಿಗೆ ನಾಚಿಕೆಯಾಯಿತು.

ಮರುದಿನ ದುರ್ಗಪ್ಪನನ್ನು ಬದಿಗೆ ಕರೆದು ಸಂಗತಿ ಹೇಳಿದಳು. ಅವನ ಮುಖ ಸಣ್ಣದಾಯಿತು. ಅವನ ದಿನಕ್ಕೆ ಇದ್ದ ಸಂಭ್ರಮವೇ ಅದೊಂದು. ಕಸರತ್ತಿನ ಹೊತ್ತಿಗೆ ಹೊರಗೆ ಹೋಗಿ, ಶೆಡ್ಡಿಗೆ ಬೆನ್ನು ಮಾಡಿ, ಲಾರಿಗಳನ್ನು ನೋಡುತ್ತ ನಿಂತ. ಒಳಗೆ ದಾಕ್ಷಾಯಿಣಿ ತನಗೆ ಬಂದಂತೆ ಮಾಡಿಸಿದಳು. ಸಾತವ್ವ ಕೈ ಎತ್ತಿದಳು, ಹಿಮ್ಮಡಿ ಎತ್ತಿದಳು, ಬೆವರಿದಳು.

ಮುಗಿದ ಮೇಲೆ ಸಾತವ್ವ ಸೆರಗು ಹೊದ್ದು ಬಾಗಿಲಿಗೆ ಬಂದಳು. ಭಾವ ಮಾರು ದೂರದಲ್ಲೇ ಇದ್ದ. ಆದರೂ ಅವಳು ಹೇಳಿದ್ದು ದಾಕ್ಷಾಯಿಣಿಗೆ.

“ಬಿಸಲಾಗ ನಿಂದರಬ್ಯಾಡ್ರಿ ಅಂತ ಹೇಳ್ರಿ ಅಕ್ಕಾರ. ನಂದು ಮುಗೀತು.”

ದುರ್ಗಪ್ಪ ತಿರುಗಿ ನೋಡಲಿಲ್ಲ. ಅವನೂ ದಾಕ್ಷಾಯಿಣಿಗೇ ಹೇಳಿದ.

“ಆಕಿಗೆ ದಿನಾ ಮಾಡಂತ ಹೇಳ್ರಿ. ನಾ ದಿನಾ ಹೊರಗ ಇರ್ತೇನಿ.”