ಎಡಕ್ಕೆ ಬಿದ್ದ ಹೂವು

ಪಲ್ಲವಿ, ಚೇತು — ಆ ದಿನ ಹೂವು ಬಲಕ್ಕೆ ಬೀಳಲಿಲ್ಲ. ಎಡಕ್ಕೆ ಬಿತ್ತು. ಬಲಕ್ಕೆ ಬಿತ್ತೆಂದು ನಾನು ಸುಳ್ಳು ಹೇಳಿದೆ.

ಎಂಟು ವರ್ಷದಿಂದ ಈ ಮಾತು ನನ್ನೊಳಗೆ ಕೂತಿದೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನ್ನ ನಾಲಿಗೆ ಒಣಗುವುದು ನಿಮಗೆ ಗೊತ್ತೇ ಇದೆ. ಹುಲಿಕೆರೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳನ್ನು ನಂಬಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹುಲಿಕೆರೆ ಬಿಟ್ಟು ಬೇಲೂರಿಗೆ, ನಿಮ್ಮಪ್ಪನ ಮನೆಗೆ ಬಂದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು; ಶಾಲೆ ಬಿಟ್ಟ ಮೇಲೆ ನೀವಿಬ್ಬರೂ ನನ್ನವರು. ಚೇತು, ನೀನು ನನ್ನ ಕೈತುತ್ತಲ್ಲದೆ ಉಣ್ಣುತ್ತಿರಲಿಲ್ಲ. ಪಲ್ಲವಿ, ನಿಮ್ಮಮ್ಮ ಹಾಕಿದ ಜಡೆಯನ್ನು ಬಿಚ್ಚಿಕೊಂಡು ನೀನು ನನ್ನ ಮುಂದೆ ಬಂದು ಕೂರುತ್ತಿದ್ದೆ. ಸೊಸೆಯ ಮುಖ ಸಣ್ಣಗಾಗುವುದನ್ನು ಕಂಡೂ ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ಅಂದರೆ — ಹೊಟ್ಟೆಕಿಚ್ಚು ಅರಸೀಕೆರೆಯಿಂದ ಬಸ್ಸು ಹತ್ತಿ ಬಂದದ್ದಲ್ಲ. ಅದು ನನ್ನಲ್ಲಿ ಮೊದಲೇ ಇತ್ತು.

ನಿಮ್ಮ ಅಮ್ಮನ ಅಮ್ಮ, ಅರಸೀಕೆರೆ ಅಜ್ಜಿ ಸುಶೀಲಮ್ಮನವರು, ಟೀಚರಾಗಿದ್ದು ನಿವೃತ್ತರಾದವರು. ಅವರ ಕಿರಿಯ ಮಗ, ನಿಮ್ಮ ಮಾವ, ಅರಸೀಕೆರೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅಲ್ಲಿ ಹಳೆಯದಾದ ಒಂದು ಕಂಪ್ಯೂಟರನ್ನು ಮಕ್ಕಳು ಕಲಿಯಲಿ ಎಂದು ನಮ್ಮ ನಡುಮನೆಗೆ ತಂದಿಟ್ಟ. ಜೊತೆಗೆ ಒಂದು ಸಿ.ಡಿ. ಕೊಟ್ಟ. ಅದೇ ರಾಕ್ಷಸರ ಆಟ.

ಎಂಥ ಆಟ ಅದು! ನಾವು ಕೇಳಿದ ಕಥೆಯಲ್ಲೆಲ್ಲ ರಾಕ್ಷಸರು ಸೋಲಬೇಕು. ಇಲ್ಲಿ ಆಡುವವರೇ ರಾಕ್ಷಸರ ಒಡೆಯರು. ನೆಲದಡಿಯಲ್ಲಿ ಕೋಟೆ ಕಟ್ಟಬೇಕು, ಸೈನ್ಯ ಸಾಕಬೇಕು, ಮೀಸೆ ತಿರುವಿಕೊಂಡು ಬರುವ ಒಳ್ಳೆಯ ವೀರರನ್ನು ಹೆದರಿಸಿ ಓಡಿಸಬೇಕು. ಆ ರಾಕ್ಷಸರೋ — ಒಬ್ಬ ಕಾವಲಿಗೆ ನಿಂತಲ್ಲೇ ಗೊರಕೆ ಹೊಡೆಯುವವನು, ಒಬ್ಬ ಕತ್ತಲೆಗೆ ಹೆದರುವವನು, ಅಡುಗೆಮನೆ ಚಿಕ್ಕದಾಯಿತೆಂದು ಯುದ್ಧದ ನಡುವೆ ಮುಷ್ಕರ ಹೂಡುವವರು ಬೇರೆ. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ ತೆರೆಯ ಮೇಲೆ ಬರುತ್ತಿತ್ತು. ನನಗೆ ಅದು ಇರುವೆ ಸಾಲು. ಅರಸೀಕೆರೆ ಅಜ್ಜಿ ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ದನಿ ಬದಲಿಸಿಕೊಂಡು.

"ಒಡೆಯಾ, ಹೊಟ್ಟೆಗೆ ಹಾಕ್ದೆ ದುಷ್ಟತನ ಮಾಡು ಅಂದ್ರೆ ಎಲ್ಲಿಂದ ಮಾಡಾನ? ಮುದ್ದೆ ಕೊಡಿ, ಆಮೇಲೆ ಊರು ಸುಡ್ತೀವಿ!"

ನೀವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದಿರಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರು ಬರುತ್ತಿದ್ದರು. ಅವರು ಇಳಿಯುವ ಹೊತ್ತಿಗೆ ನೀವು ಬೀದಿ ತುದಿಯಲ್ಲಿ. ನಾನು ಬಿಸಿ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟರೆ ತೆರೆಯಿಂದ ಕಣ್ಣು ತೆಗೆಯದೆ ತಟ್ಟೆ ತಡಕುತ್ತಿದ್ದಿರಿ. ರೊಟ್ಟಿ ಯಾರು ತಂದರೆಂದು ನೋಡುತ್ತಿರಲಿಲ್ಲ. ಚೇತು ತನ್ನ ಕೈಯಿಂದಲೇ ತಿನ್ನಲು ಕಲಿತದ್ದು ಆಗಲೇ — ಎಲ್ಲರಿಗೂ ಸಂತೋಷ. ನನಗೆ ಮಾತ್ರ ಕೈ ಬರಿದಾದ ಹಾಗೆ.

ಸಣ್ಣತನವನ್ನೂ ಬರೆದುಬಿಡುತ್ತೇನೆ. ಒಮ್ಮೆ ಬೇಕೆಂದೇ ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ. ಅವರು ಗುಟುಕರಿಸಿ, "ನೋಡೇ ಗೀತಾ, ನಿಮ್ಮತ್ತೆ ನನ್ನ ಸಕ್ಕರೆ ಕಾಯ್ಲೆ ನೆನಪಿಟ್ಕೊಂಡವ್ರೆ. ಹೆತ್ತ ಮಗಳು ನೀನು ಮರ್ತೆ!" ಎಂದು ನನ್ನನ್ನು ಹೊಗಳಿದರು. ಒಳ್ಳೆಯವರನ್ನು ದ್ವೇಷಿಸುವುದು ಎಷ್ಟು ಕಷ್ಟ — ಆದರೂ ನಾನು ಬಿಡಲಿಲ್ಲ.

ಇನ್ನೊಂದು ಶನಿವಾರ ನೀವು ರಾಕ್ಷಸರಿಗೆಲ್ಲ ಮನೆಯವರ ಹೆಸರಿಟ್ಟಿರಿ. ಗೊರಕೆಯವನು ಅಪ್ಪ. ಸೌಟು ಹಿಡಿದು ಗದರುವವಳು ಅಮ್ಮ. ಗಡ್ಡದ ಮಂತ್ರಿ ಅರಸೀಕೆರೆ ಅಜ್ಜಿ. ಎಲ್ಲರನ್ನೂ ಆಳುವ ಒಡತಿ ನಮ್ಮ ಪಲ್ಲವಿ. ನಾನು ಬಾಗಿಲ ಬಳಿ ನಿಂತು, ನಾಚಿಕೆ ಬಿಟ್ಟು ಕೇಳಿದೆ, "ನಾನ್ಯಾರ್ಲಾ ಚೇತು?"

ನೀನು ತಿರುಗಿ ನೋಡಿದೆ. "ನೀನು ಬ್ಯಾಡ ಅಜ್ಜಿ. ನೀನು ಒಳ್ಳೇಳು. ಇಲ್ಲಿ ಎಲ್ರೂ ಕೆಟ್ಟೋರು."

ಆರು ವರ್ಷದ ಮಗು ಪ್ರೀತಿಯಿಂದ ಹೇಳಿದ ಮಾತು. ನನಗೆ ಕೇಳಿಸಿದ್ದು ಮೊದಲಿನ ಎರಡು ಪದ ಮಾತ್ರ. ಒಳಗೆ ಹೋಗಿ, ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗಿದೆ.

ಅದಾಗಿ ಎರಡು ವಾರಕ್ಕೆ ಚೇತುವಿಗೆ ಜ್ವರ ಬಂತು. ಡಾಕ್ಟರ ಮಾತ್ರೆಗೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಎಂಟನೆಯ ದಿನ, ಚೇತು, ನೀನು ನಿದ್ದೆಗಣ್ಣಿನಲ್ಲಿ, "ಬಂದ್ರು, ಬಾಗ್ಲಾಕಿ" ಎಂದು ಬಡಬಡಿಸಿದೆ. ನಾನು ಆಗಲೇ ಅಂದೆ, "ಆ ರಾಕ್ಷಸರ ಆಟದ್ದೇ ಇದು." ನಿಮ್ಮಪ್ಪ, "ಸುಮ್ನಿರವ್ವ" ಎಂದ. ಆದರೆ ಅವನೂ ಹೆದರಿದ್ದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಬಂದು, "ಊರಿಗೋಗಿ ಗುಡೀಲಿ ಅಮ್ಮನ ಹತ್ರ ಹೂ ಕೇಳ್ಕೊಂಡು ಬಂದ್ಬಿಡು" ಎಂದ.

ಹೂ ಕೇಳುವುದನ್ನು ನೀವು ನೋಡಿಲ್ಲ. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿರುವುದನ್ನು ಹೇಳಿ ಕೈಮುಗಿದು ಕೂರಬೇಕು. ಬಲಗಡೆಯ ಹೂವು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಅಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಎದುರಾಡಿದವರಿಲ್ಲ.

ಬೆಳಗಿನ ಬಸ್ಸಿಗೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಹುಲಿಕೆರೆಗೆ ನಡೆದೆ. ಗುಡಿಯಲ್ಲಿ ಪೂಜಾರಿ ಬಿಟ್ಟರೆ ನಾನೊಬ್ಬಳೇ. ಮಗುವಿನ ಜ್ವರ ಆ ಆಟದಿಂದ ಬಂದದ್ದಾದರೆ ಬಲಕ್ಕೆ ಕೊಡು ತಾಯಿ ಎಂದೆ. ಮಗು ಉಳಿಯಲಿ ಎಂದು ಕೇಳಬೇಕಿತ್ತು. ನಾನು ಅದನ್ನು ಕೇಳಲಿಲ್ಲ. ಸುಶೀಲಮ್ಮನ ತಪ್ಪು ಹೌದೆಂದು ಹೇಳು — ನನ್ನ ಪ್ರಾರ್ಥನೆ ಇಷ್ಟೇ ಆಗಿತ್ತು.

ಬಹಳ ಹೊತ್ತು ಕಾಯಿಸದೆ ಹೂವು ಬಿತ್ತು.

"ಎಡಕ್ಕಾಯ್ತು ಕಣಮ್ಮ," ಎಂದರು ಪೂಜಾರಿ. "ನೀನು ಅಂದ್ಕೊಂಡಿದ್ದು ಅಲ್ಲ. ಡಾಕ್ಟ್ರಿಗೆ ಇನ್ನೊಂದ್ಸಲ ತೋರ್ಸು."

"ಇನ್ನೊಂದ್ಸಲ ಕೇಳಾನ ಸ್ವಾಮಿ," ಎಂದೆ.

"ಒಂದೇ ಮಾತ್ನ ಎರಡ್ಸಲ ಕೇಳ್ಬಾರ್ದು. ಸುಮ್ನೆ ಮನೆಗೋಗು."

ಮನೆಗೆ ಬಂದಾಗ ಸುಶೀಲಮ್ಮನವರು ಚೇತುವಿನ ಹಾಸಿಗೆಯ ಪಕ್ಕದಲ್ಲಿ ಕೂತಿದ್ದರು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ. ಸುದ್ದಿ ತಿಳಿದು ಓಡಿ ಬಂದಿದ್ದರು. ನನ್ನ ಜಾಗದಲ್ಲಿ ಕೂತಿದ್ದರು — ಹಾಗೆಂದುಕೊಂಡೆ. ನಿಮ್ಮಪ್ಪ ಹೊಸಲಲ್ಲೇ ಕೇಳಿದ, "ಏನಾಯ್ತವ್ವ?"

"ಬಲಕ್ಕಾಯ್ತು."

ಅಷ್ಟೇ. ಜೀವಮಾನದಲ್ಲಿ ನಾನು ನಾಲ್ಕು ಜನರ ಮುಂದೆ ತಡವರಿಸದೆ ಆಡಿದ ಮಾತು ಅದೊಂದೇ.

ಸುಶೀಲಮ್ಮನವರು ಬಟ್ಟೆಯನ್ನು ಹಿಂಡಿ ಬೇಸಿನ್ ಅಂಚಿಗೆ ಹಾಕಿದರು. ಇಂಥದ್ದನ್ನೆಲ್ಲ ನಂಬುವವರಲ್ಲ ಅವರು; ವಾದ ಮಾಡಬಹುದಿತ್ತು. "ಅಳಿಯಂದ್ರೇ, ಆ ಕಂಪ್ಯೂಟರ್ನ ಇವತ್ತೇ ತೆಗೆಸ್ಬಿಡಿ. ಮಗೂಗಿಂತ ಹೆಚ್ಚಾ," ಎಂದು ಮಾತ್ರ ಹೇಳಿ, ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ನಿಮ್ಮಮ್ಮ ಅಡುಗೆಮನೆಯಲ್ಲಿ ಅತ್ತಳು. ಅದೇ ಸಂಜೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಟೈಫಾಯ್ಡ್ ಎಂದು ಔಷಧಿ ಬದಲಿಸಿದರು. ಐದಾರು ದಿನಕ್ಕೆ ಜ್ವರ ಬಿಟ್ಟಿತು. ಮನೆಯವರು ಹೂವಿನ ಮಾತು ನಿಜವಾಯಿತೆಂದರು. ನಾನೂ ತಲೆಯಾಡಿಸಿದೆ.

ಆದರೆ ಪಲ್ಲವಿ, ನನ್ನ ದೊಡ್ಡ ತಪ್ಪು ಇದಾದ ಮೇಲಿನದು. ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸಾಗಿಸಿದ ದಿನ ನೀನು ಹಿತ್ತಿಲಿಗೆ ಬಂದೆ. ಒಂಬತ್ತು ವರ್ಷ ನಿನಗೆ. "ಅಜ್ಜಿ, ರಾಕ್ಷಸರಿಗೆ ಹೋಗಿ ಅಂತ ಹೇಳ್ತಿದ್ದಿದ್ದು ನಾನು. ಚೇತೂಗೆ ನಾನೇ ಮಾಡಿದ್ನಾ?"

ಇಲ್ಲ ಎನ್ನಬೇಕಿತ್ತು. ಒಂದೇ ಪದ. ಆದರೆ ಅದನ್ನು ಹೇಳಿದರೆ ಹೂವಿನ ಮಾತು ಸುಳ್ಳಾಗುತ್ತಿತ್ತು. "ಇನ್ಮೇಲೆ ಆಡ್ಬೇಡ ಬಿಡವ್ವ," ಎಂದು ನಿನ್ನನ್ನು ತೊಡೆಯ ಮೇಲೆ ಎಳೆದುಕೊಂಡೆ. ನೀನು ಬಿಕ್ಕಿ ಬಿಕ್ಕಿ ಅತ್ತೆ. ನನಗೆ — ಹೇಗೆ ಬರೆಯಲಿ — ಸಂತೋಷವಾಯಿತು. ತಿಂಗಳುಗಳ ನಂತರ ನೀನು ನನ್ನ ತೊಡೆಗೆ ಬಂದಿದ್ದೆ.

ಸುಶೀಲಮ್ಮನವರ ಶನಿವಾರಗಳು ನಿಂತವು. ಹಬ್ಬಕ್ಕೆ ಬಂದರೂ ಕುರ್ಚಿಯ ಅಂಚಿನಲ್ಲಿ ಕೂತು, ಚೇತುವನ್ನು ಮುಟ್ಟುವ ಮೊದಲು ಮಗಳ ಮುಖ ನೋಡುತ್ತಿದ್ದರು. ಚೇತುವಿಗೆ ನೆಗಡಿಯಾದರೂ ನೀನು ಅವನ ಕೋಣೆಗೆ ಹೋಗುತ್ತಿರಲಿಲ್ಲ. ನಾನು ನೋಡಿದೆ. ಪ್ರತಿ ಸಲವೂ ನೋಡಿದೆ. ಹುಡುಗಿ ದೊಡ್ಡವಳಾದ ಮೇಲೆ ಮರೆಯುತ್ತಾಳೆ ಎಂದುಕೊಂಡೆ.

ಮೊನ್ನೆ ಚೇತು ಸೈಕಲ್ಲಿಂದ ಬಿದ್ದು ಕೈ ಮುರಿದುಕೊಂಡಾಗ ನೀನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲೇ ಕೂತೆ. ಒಳಗೆ ಬಾ ಎಂದರೆ ನಕ್ಕು, "ಬೇಡ ಅಜ್ಜಿ, ನಾನ್ ಹತ್ರ ಬಂದ್ರೆ ಅವ್ನಿಗೆ ಆಗಲ್ಲ," ಎಂದೆ. ಕಾಲೇಜಿಗೆ ಹೋಗುವ ಹುಡುಗಿ ನೀನು. ತಮಾಷೆಗೆ ಹೇಳಿದವಳ ಹಾಗೆ ಹೇಳಿದೆ. ಆದರೆ ಎದ್ದು ಒಳಗೆ ಬರಲಿಲ್ಲ.

ನೀನು ಏನೂ ಮಾಡಿಲ್ಲ ಪಲ್ಲವಿ. ಅಂದೂ ಇಲ್ಲ, ಯಾವತ್ತೂ ಇಲ್ಲ. ನಿಮ್ಮ ಅರಸೀಕೆರೆ ಅಜ್ಜಿಯೂ ಏನೂ ಮಾಡಿಲ್ಲ. ನಿಮ್ಮನ್ನು ನಗಿಸಿದರು, ಅಷ್ಟೇ. ಅದು ನನ್ನ ಕೈಲಿ ಆಗುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಅರಸೀಕೆರೆ ಬಸ್ಸಿಗೆ ಹೋಗಿ ಇದನ್ನೇ ಅವರ ಮುಂದೆ ಹೇಳಬೇಕೆಂದಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುವವರು ಅವರು. ನಿಮ್ಮಪ್ಪನಿಗೂ ಹೇಳುತ್ತೇನೆ. ಆದರೆ ನನ್ನ ಮೇಲೆ ನನಗೆ ನಂಬಿಕೆ ಕಡಿಮೆ. ಎಲ್ಲರೂ ಮುಖ ನೋಡುತ್ತಾ ಕೂತಾಗ, ಹೂವು ಯಾವ ಕಡೆ ಬಿತ್ತೋ, ವಯಸ್ಸಾಯಿತು, ಸರಿಯಾಗಿ ನೆನಪಿಲ್ಲ ಎಂದು ನಾನು ಹೇಳಿದರೂ ಹೇಳಬಹುದು. ಹಾಗೆ ಹೇಳಿದರೆ ಕನಿಕರ ತೋರಿಸಬೇಡಿ. ಈ ಹಾಳೆಗಳನ್ನು ತಂದು ನನ್ನೆದುರಿಗೇ ಗಟ್ಟಿಯಾಗಿ ಓದಿ. ಅದಕ್ಕೇ ಕೇಳುತ್ತಿದ್ದೇನೆ, ಮಕ್ಕಳೇ — ಇವನ್ನು ನನಗೆ ಸಿಗದ ಕಡೆ ಜೋಪಾನವಾಗಿಡಿ.