ಇನ್ನೂರ ಹದಿನಾರನೇ ಸೀಸೆಯಲ್ಲಿದ್ದದ್ದು

ಗುಳೇದಗುಡ್ಡದಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಗೌರವ. ಆ ಹೆಸರನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೂಗುವುದು ಮಾತ್ರ ಕಷ್ಟ. ಹಾಗಾಗಿ ಡಾಕ್ಟರ್ ಕಾಶವ್ವ ಯಲಹಂಕದಾಚೆಯ ಔಷಧ ಸಂಶೋಧನಾ ಕಂಪನಿಗೆ ಸೇರಿದ ವಾರದೊಳಗೆ ‘ಕ್ಯಾಶ್ ಮ್ಯಾಮ್’ ಆಗಿಬಿಟ್ಟಳು. ಮತ್ತಿಕೆರೆಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದ ಗಂಡ ವಿಶ್ವನಾಥ ಇದನ್ನು ಕೇಳಿ ಎರಡು ದಿನ ನಕ್ಕ.

ಅವಳ ಕೆಲಸವನ್ನು ವಿವರಿಸುವುದು ಸುಲಭ. ರಕ್ತನಾಳದ ಗೋಡೆಯಲ್ಲಿ ಕಣ್ಣಿಗೆ ಕಾಣದ ಗ್ರಾಹಕಗಳಿರುತ್ತವೆ. ದೇಹದಲ್ಲೇ ಹುಟ್ಟುವ ಒಂದು ಹಾರ್ಮೋನು ಬಂದು ಅಲ್ಲಿ ಕೂತರೆ ನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ. ಹಾರ್ಮೋನಿಗಿಂತ ಮೊದಲೇ ಹೋಗಿ ಆ ಜಾಗ ಹಿಡಿಯುವ ಅಣುವೊಂದನ್ನು ಕಟ್ಟಬೇಕು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಎಂದು ಕಾಶವ್ವ ಹೇಳುತ್ತಿದ್ದಳು. ಅಂಥ ಟವೆಲ್‌ಗಳು ಔಷಧದಂಗಡಿಗಳಲ್ಲಿ ಬೇಕಾದಷ್ಟಿದ್ದವು. ಆದರೆ ಹೊರದೇಶದ ಕಂಪನಿಯೊಂದಕ್ಕೆ ವಾರಕ್ಕೆ ಒಂದೇ ಸಲ ನುಂಗಿದರೆ ಸಾಕಾಗುವ ಹೊಸದೊಂದು ಬೇಕಿತ್ತು. ಅದನ್ನು ಹುಡುಕಿಕೊಡುವ ಗುತ್ತಿಗೆ ಯಲಹಂಕಕ್ಕೆ ಬಂದಿತ್ತು.

ಕಾಶವ್ವ ಏಳು ವರ್ಷ ಹುಡುಕಿದಳು. ಇನ್ನೂರ ಹದಿನೈದು ಅಣುಗಳನ್ನು ಕಟ್ಟಿದಳು. ಒಂದು ಕರಗಲಿಲ್ಲ, ಒಂದು ಕರಗಿ ಸುಮ್ಮನಾಯಿತು, ಇನ್ನೊಂದು ನಾಳವನ್ನು ಸಡಿಲಿಸುವ ಬದಲು ಮತ್ತಷ್ಟು ಬಿಗಿಸಿತು. ಪ್ರತಿಯೊಂದನ್ನೂ ಪರೀಕ್ಷಿಸುತ್ತಿದ್ದವಳು ಮೇಲಿನ ಮಹಡಿಯ ತಾಹೆರಾ. ಇಲಿಯ ರಕ್ತನಾಳದ ಉಂಗುರದಂಥ ತುಂಡೊಂದನ್ನು ಬೆಚ್ಚಗಿನ ದ್ರಾವಣದಲ್ಲಿ ದಾರದಿಂದ ತೂಗುಹಾಕಿ, ಮೊದಲು ಅಣುವನ್ನೂ ಆಮೇಲೆ ಹಾರ್ಮೋನನ್ನೂ ಬಿಡುತ್ತಿದ್ದಳು. ಉಂಗುರ ಬಿಗಿದರೆ ಅಣು ಸೋತಂತೆ. “ಇದೂ ಹೋಯ್ತು ಕಣ್ರೀ” ಎಂದು ತಾಹೆರಾ ಫೋನಿನಲ್ಲಿ ಹೇಳುವ ಧಾಟಿ, ಬಿಎಂಟಿಸಿ ಬಸ್ಸು ತಪ್ಪಿದ ಸುದ್ದಿ ಹೇಳುವ ಧಾಟಿಯೇ ಆಗಿಹೋಗಿತ್ತು.

ಪ್ರತಿ ಪರೀಕ್ಷೆಯಲ್ಲೂ ಹೋಲಿಕೆಗೆಂದು ಗೊತ್ತಿರುವ ಹಳೆಯ ಔಷಧವೊಂದನ್ನು ಜೊತೆಗಿಡಬೇಕು. ಇಲ್ಲಿ ಅದು ಟೆಲ್ಮಿಸಾರ್ಟನ್. ಇನ್ನೂರ ಹದಿನಾರನೇ ಅಣುವಿನ ಸರದಿ ಬರುವ ಹೊತ್ತಿಗೆ ಆ ಪುಡಿ ಖಾಲಿಯಾಗಿ ಆರು ವಾರವಾಗಿತ್ತು. ಖರೀದಿ ವಿಭಾಗದಲ್ಲಿ ಅರ್ಜಿ ಮೂರನೇ ಸಹಿಗಾಗಿ ಕಾಯುತ್ತಿತ್ತು. ಮಾತ್ರೆಯನ್ನೇ ಕೊಂಡು ಅದರಿಂದ ಔಷಧ ಬೇರ್ಪಡಿಸಿಕೊಳ್ಳೋಣ ಎಂದು ಕಾಶವ್ವ ಕೋಗಿಲಿನ ತನ್ನ ಬೀದಿಯ ಮೆಡಿಕಲ್ ಸ್ಟೋರಿಗೆ ಹೋದಳು.

“ಡಾಕ್ಟರ್ ಚೀಟಿ ಬೇಕು ಮೇಡಂ,” ಎಂದ ಅಂಗಡಿಯ ಅನಂತರಾಜು.

“ನಾನೇ ಡಾಕ್ಟರ್ರು.”

“ಯಾವ ಡಾಕ್ಟರ್ರು?”

“ಕೆಮಿಸ್ಟ್ರಿ. ಕೆಮಿಸ್ಟ್ ನಾನು.”

“ಕೆಮಿಸ್ಟು ನಾವು ಮೇಡಂ,” ಎಂದು ಅನಂತರಾಜು ತಲೆಯ ಮೇಲಿನ ಬೋರ್ಡು ತೋರಿಸಿದ.

ಕೊನೆಗೆ ಮಾತ್ರೆ ಸಿಕ್ಕಿದ್ದು ಮನೆ ಮಾಲೀಕ ಮುನಿರಾಮಯ್ಯನವರಲ್ಲಿ. ಕೋಗಿಲು ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿ ಕೆಳಗಿನ ಮನೆಯಲ್ಲಿದ್ದರು. ಬಿಪಿ ಮಾತ್ರೆಯ ಇಡೀ ಪಟ್ಟಿಯನ್ನು ಎತ್ತಿ ಅವಳ ಕೈಗಿಟ್ಟರು.

“ತಗಂಡ್ ಓಗವ್ವ, ಅದೇನ್ ಕೆಲ್ಸ ಮಾಡ್ತದೋ ಇಲ್ವೋ, ಯಾರ್ ಕಂಡವ್ರೆ? ನಾನಂತೂ ನೆಪ್ಪಾದಾಗ ನುಂಗ್ತೀನಿ.”

ಕಾಶವ್ವ ಆ ಮಾತ್ರೆಗಳನ್ನು ಅರೆದು, ಸಿಲಿಕಾ ತುಂಬಿದ ಉದ್ದನೆಯ ಗಾಜಿನ ಕೊಳವೆಯಲ್ಲಿ ಹಾಯಿಸಿ, ಶುದ್ಧವಾದ ಬಿಳಿ ಪುಡಿ ತೆಗೆದಳು. ಮರುದಿನ ಅದೇ ಕೊಳವೆಯನ್ನು ತೊಳೆದು ತನ್ನ ಹೊಸ ಅಣುವನ್ನೂ ಹಾಯಿಸಿದಳು. ಹೊಸ ಕೊಳವೆಯ ಅರ್ಜಿಯೂ ಖರೀದಿ ವಿಭಾಗದಲ್ಲಿಯೇ ಇತ್ತು.

ಎರಡು ದಿನ ಕಳೆದ ಮೇಲೆ ತಾಹೆರಾ ಫೋನ್ ಮಾಡಲಿಲ್ಲ. ಮೆಟ್ಟಿಲಿಳಿದು ತಾನೇ ಬಂದಳು. “ಕಾಶವ್ವ,” ಎಂದಳು. ಕಂಪನಿಯಲ್ಲಿ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. “ಉಂಗುರ ಬಿಗೀಲಿಲ್ಲ. ಎಷ್ಟ್ ಹಾರ್ಮೋನ್ ಹಾಕಿದ್ರೂ ಅಲ್ಲಾಡ್ಲಿಲ್ಲ. ನಾಲ್ಕ್ ಸಲ ಮಾಡ್ದೆ.”

ಕಾಶವ್ವ ಕೈಗವಸು ತೆಗೆದು ಸ್ಟೂಲಿನ ಮೇಲೆ ಕೂತಳು. ಏಳು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. “ಊಟ ಮಾಡಿದ್ಯಾ?” ಎಂದಳು.

ಆಮೇಲೆ ಎಲ್ಲ ಬೇಗ ನಡೆಯಿತು. ವಿಭಾಗದ ಮುಖ್ಯಸ್ಥ ನಂದಕುಮಾರ್ ಅವರು ಕೇಕ್ ತರಿಸಿದರು. ಕೇಕಿನ ಮೇಲೆ ಅಣುವಿನ ರಚನೆ ಬಿಡಿಸಿದ್ದರು. ಬೇಕರಿಯವನು ನೈಟ್ರೋಜನ್ ಇರಬೇಕಾದ ಕಡೆ ಚೆರ್ರಿ ಇಟ್ಟಿದ್ದ. ನಂದಕುಮಾರ್ ಹೊರದೇಶಕ್ಕೆ ಹೋಗಿ ಗಿರಾಕಿ ಕಂಪನಿಯ ಮುಂದೆ ಭಾಷಣ ಮಾಡಿ, ‘ನಾವು’ ಎಂದು ಆರಂಭಿಸಿ ‘ನಾನು’ ಎಂದು ಮುಗಿಸಿ ಬಂದರು. ನವೆಂಬರ್ ರಾಜ್ಯೋತ್ಸವಕ್ಕೆ ಕನ್ನಡದಲ್ಲಿ ಮಾತಾಡುವ ವಿಜ್ಞಾನಿ ಬೇಕಾಗಿ ಕಾಶವ್ವನನ್ನೇ ವೇದಿಕೆಗೆ ಹತ್ತಿಸಿದರು. ಅವಳು ಶಾಲು ಹೊದ್ದು, “ನಮ್ಮ ಸಂಶೋಧನೆಯ ಗುರಿ ಗ್ರಾಹಕಗಳನ್ನು ತಡೆಯುವುದು” ಎಂದಳು. ಮುಂದಿನ ಸಾಲಿನಲ್ಲಿದ್ದ ಮಾರಾಟ ವಿಭಾಗದವರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಬಂದು, “ಮೇಡಂ, ಕಸ್ಟಮರ್ಸನ್ನ ಯಾಕೆ ತಡೀತೀರಾ?” ಎಂದು ವಿನಯದಿಂದಲೇ ಕೇಳಿದ.

ಪ್ರಾಣಿಗಳ ಮೇಲಿನ ದೊಡ್ಡ ಪರೀಕ್ಷೆಗೆ ಈಗ ಇಪ್ಪತ್ತು ಗ್ರಾಂ ಬೇಕಾಯಿತು. ಅಷ್ಟು ಹೊತ್ತಿಗೆ ಹೊಸ ಕೊಳವೆಗಳು ಬಂದಿದ್ದವು; ಯಶಸ್ಸು ಕಂಡ ಮೇಲೆ ಸಹಿಗಳು ತಾವಾಗಿ ಬೀಳುತ್ತವೆ. ಕಾಶವ್ವ ಮೂರು ತಿಂಗಳು ಕೂತು, ಉಪ್ಪಿನ ಹರಳಿನಷ್ಟು ಚೊಕ್ಕವಾದ ಇಪ್ಪತ್ತು ಗ್ರಾಂ ಮಾಡಿಕೊಟ್ಟಳು. ತಾಹೆರಾ ಉಂಗುರ ಕಟ್ಟಿದಳು. ಹಾರ್ಮೋನು ಬಿಟ್ಟಳು. ಉಂಗುರ ಗಕ್ಕನೆ ಬಿಗಿಯಿತು.

ಮೊದಲು ಇಲಿಯನ್ನು ಬೈದರು. ಆಮೇಲೆ ದ್ರಾವಣವನ್ನು, ದಾರವನ್ನು, ಕರೆಂಟನ್ನು ಬೈದರು. ಹಳೆಯ ಸೀಸೆಯಿಂದ ಚಿಟಿಕೆ ತೆಗೆದು ಹಾಕಿದರೆ ಉಂಗುರ ಸಡಿಲವಾಗಿಯೇ ಉಳಿಯುತ್ತಿತ್ತು. ಹೊಸದನ್ನು ಹಾಕಿದರೆ ಬಿಗಿಯುತ್ತಿತ್ತು.

“ಹಳೇದನ್ನ ಹೇಗ್ ಮಾಡಿದ್ರೋ ಹಾಗೇ ಮಾಡಿ. ಇಂಪ್ರೂವ್ ಮಾಡೋಕ್ ಹೋಗ್ಬೇಡಿ,” ಎಂದರು ನಂದಕುಮಾರ್.

ಕಾಶವ್ವ ಹಾಗೆ ಮಾಡಲಿಲ್ಲ. ಹಳೆಯ ಸೀಸೆಯ ಪುಡಿಯನ್ನು ಯಂತ್ರಕ್ಕೆ ಕೊಟ್ಟು, ಹತ್ತು ನಿಮಿಷದ ವಿಶ್ಲೇಷಣೆಯನ್ನು ಒಂದೂವರೆ ಗಂಟೆಗೆ ಎಳೆದು, ಪರದೆಯ ಮುಂದೆ ಕೂತಳು. ಪರದೆಯ ಗೆರೆಯಲ್ಲಿ ಅವಳ ಅಣುವಿನ ದೊಡ್ಡ ಶಿಖರ ಬಂದು ಹೋಯಿತು. ಅದಾದ ಬಹಳ ಹೊತ್ತಿನ ಮೇಲೆ, ಗೆರೆ ಸ್ವಲ್ಪ ಉಬ್ಬಿ ಮತ್ತೆ ಮಲಗಿತು. ನೂರಕ್ಕೆ ಅರ್ಧ ಪಾಲು ಬೇರೇನೋ ಇತ್ತು. ಅದರ ಅಣುತೂಕ ನೋಡಿದಳು. ಐನೂರ ಹದಿನೈದು. ಆ ಸಂಖ್ಯೆಯನ್ನು ಯಾವ ಪುಸ್ತಕದಲ್ಲೂ ಹುಡುಕಬೇಕಾಗಿರಲಿಲ್ಲ. ಏಳು ವರ್ಷ ಹೋಲಿಕೆಗೆಂದು ಪಕ್ಕದಲ್ಲಿಟ್ಟುಕೊಂಡಿದ್ದ ಟೆಲ್ಮಿಸಾರ್ಟನ್ನಿನದೇ ಅದು.

ಕೊಳವೆಯ ತಳದ ಗಾಜಿನ ಜಾಲರಿಯಲ್ಲಿ ಮುನಿರಾಮಯ್ಯನವರ ಬಿಪಿ ಮಾತ್ರೆ ಅಂಟಿಕೊಂಡು ಕೂತಿತ್ತು. ನೂರಕ್ಕೆ ಅರ್ಧ ಪಾಲಿದ್ದರೂ ಇಲಿಯ ಉಂಗುರವನ್ನು ತಡೆಯಲು ಸಾಕಾಗುವಷ್ಟು ಬಲವಿತ್ತು ಅದಕ್ಕೆ. ಉಳಿದ ತೊಂಬತ್ತೊಂಬತ್ತೂವರೆ ಪಾಲು, ಅಂದರೆ ಅವಳ ಏಳು ವರ್ಷ, ಅಲ್ಲಿ ಸುಮ್ಮನೆ ಇತ್ತು. ಅವಳು ಬದುಕಿನಲ್ಲಿ ಮಾಡಿದ ಅತ್ಯಂತ ಶುದ್ಧ ವಸ್ತುವಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಕೆಟ್ಟದ್ದೂ ಸಹ.

ಆ ಮಧ್ಯಾಹ್ನ ಅವಳು ಶೀತಲ ಕೋಣೆಗೆ ಹೋಗಿ ಸೀಸೆಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಅತ್ತಳು. ಚಳಿಗೆ ಮೂಗು ಸೋರುತ್ತಿದೆ ಎಂದು ಯಾರಾದರೂ ತಿಳಿದುಕೊಳ್ಳಲಿ ಎಂದೇ ಆ ಕೋಣೆ ಆರಿಸಿಕೊಂಡಿದ್ದಳು.

ನಂದಕುಮಾರ್ ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲು ಮುಚ್ಚಿದರು.

“ಯಾರಿಗಾದ್ರೂ ಹೇಳಿದ್ದೀರಾ?”

“ತಾಹೆರಾಗೆ.”

“ಸರಿ. ‘ವ್ಯೂಹಾತ್ಮಕ ಕಾರಣಗಳಿಗಾಗಿ ಯೋಜನೆ ನಿಲ್ಲಿಸಲಾಗಿದೆ’ ಅಂತ ಬರೆಯೋಣ. ಯಾರ್ ಮರ್ಯಾದೇನೂ ಹೋಗಲ್ಲ.”

“ಸರ್, ನಾಳೆ ಇನ್ನೊಬ್ರು ನಮ್ಮ ರಿಸಲ್ಟ್ ನೋಡಿ ಇದನ್ನೇ ಮಾಡೋಕ್ ಕೂತ್ರೆ? ಅವ್ರ ಏಳ್ ವರ್ಷಾನೂ ಹೋಗುತ್ತೆ.”

“ಅದು ಅವರ ಸಮಸ್ಯೆ ಕಣ್ರೀ.”

ಕಾಶವ್ವ ಒಂದೇ ಪುಟ ಬರೆದಳು. ಯಾವ ಕೊಳವೆ, ಯಾವ ಮಾತ್ರೆ, ತೊಳೆದದ್ದು ಹೇಗೆ, ತಪ್ಪಿದ್ದು ಎಲ್ಲಿ, ತಪ್ಪು ಯಾರದು. ಕೊನೆಯದಕ್ಕೆ ತನ್ನ ಹೆಸರು ಹಾಕಿದಳು, ಪೂರ್ತಿ ಹೆಸರು. ಖರೀದಿ ವಿಭಾಗದ ಬಗ್ಗೆ ಒಂದು ವಾಕ್ಯ ಬರೆದು ಹೊಡೆದುಹಾಕಿದಳು. ಕೊಳವೆ ತೊಳೆದದ್ದು ತಾನೇ ತಾನೆ. ಪುಟವನ್ನು ಗಿರಾಕಿ ಕಂಪನಿಗೆ ಕಳಿಸಿ, ಕೆಲಸ ಹೋಗುವ ದಿನಕ್ಕಾಗಿ ಕಾದಳು.

ಗಿರಾಕಿ ಕಂಪನಿ ಯೋಜನೆಯನ್ನು ನಿಲ್ಲಿಸಿತು. ಹದಿನೈದು ದಿನ ಬಿಟ್ಟು ಇನ್ನೊಂದು ಪತ್ರ ಬರೆಯಿತು. ತಾವು ಮಾರುವ ಮಾತ್ರೆಗಳಲ್ಲಿ ಇರಬಾರದ್ದು ಏನಾದರೂ ಇದೆಯೇ ಎಂದು ಹುಡುಕಿಕೊಡಲು ಹೊಸ ಪ್ರಯೋಗಾಲಯ ಬೇಕಾಗಿದೆ, ಆ ಒಂದು ಪುಟ ಬರೆದವರೇ ಅದನ್ನು ನೋಡಿಕೊಳ್ಳುವುದಾದರೆ ಕೆಲಸ ನಿಮಗೇ, ಎಂದು. ಹಳೆಯ ಗುತ್ತಿಗೆಗಿಂತ ಇದು ದೊಡ್ಡದಾಗಿತ್ತು. ಕಂಪನಿಯಲ್ಲಿ ‘ಪಾರದರ್ಶಕ ಸಂಸ್ಕೃತಿ’ ಬೆಳೆಸಿದ್ದಕ್ಕಾಗಿ ನಂದಕುಮಾರ್ ಅವರಿಗೆ ಬಡ್ತಿ ಸಿಕ್ಕಿತು. ಕಾಶವ್ವನ ಬಾಗಿಲಿಗೆ ‘ಮುಖ್ಯಸ್ಥರು, ಕಲ್ಮಶ ವಿಭಾಗ’ ಎಂಬ ಫಲಕ ಬಂತು. ಎಲ್ಲ ಫಲಕಗಳೂ ಕನ್ನಡದಲ್ಲಿರಬೇಕೆಂಬ ಆದೇಶ ಆಗಷ್ಟೇ ಜಾರಿಯಾಗಿತ್ತು.

ಮುನಿರಾಮಯ್ಯನವರಿಗೆ ವಿಷಯ ತಿಳಿಸಲೇಬೇಕೆನಿಸಿ ಒಂದು ಭಾನುವಾರ ಕೆಳಗಿಳಿದು ಹೋದಳು. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

“ಅಂಗಾರೆ ನನ್ ಮಾತ್ರೆ ನಿಜ್ವಾಗ್ಲೂ ಕೆಲ್ಸ ಮಾಡ್ತದೆ ಅನ್ನು.”

“ಚೆನ್ನಾಗೇ ಮಾಡ್ತದೆ. ಸ್ವಲ್ಪ ಇದ್ರೂ ಸಾಕು.”

“ಅದುನ್ನ ಮೊದ್ಲೇ ಏಳ್ಬಾರ್ದಾ ತಾಯಿ!”

ಅಂದಿನಿಂದ ಅವರು ದಿನವೂ ತಪ್ಪದೆ ಮಾತ್ರೆ ನುಂಗತೊಡಗಿದರು. ಎರಡು ತಿಂಗಳಲ್ಲಿ ಒತ್ತಡ ಹತೋಟಿಗೆ ಬಂತು. ಏಳು ವರ್ಷದ ಸಂಶೋಧನೆಯಿಂದ ಗುಣ ಕಂಡ ರೋಗಿ ಅವರೊಬ್ಬರೇ.

ಹೊಸ ಕೆಲಸ ಕಾಶವ್ವನಿಗೆ ಒಗ್ಗಿತು. ತಾನು ಕಟ್ಟುವುದಕ್ಕಿಂತ ಚೆನ್ನಾಗಿ ಹುಡುಕುತ್ತೇನೆ ಎಂಬುದು ನಲವತ್ತೈದರಲ್ಲಿ ಗೊತ್ತಾದದ್ದಕ್ಕೆ ಸಂತೋಷಪಡಬೇಕೋ ಸಂಕಟಪಡಬೇಕೋ ಅವಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಹೋದ ತಿಂಗಳು ಲಕ್ಷಗಟ್ಟಲೆ ಮಾತ್ರೆಗಳ ಒಂದು ಬ್ಯಾಚಿನಲ್ಲಿ, ಬಹಳ ದಿನ ನುಂಗಿದರೆ ಕ್ಯಾನ್ಸರ್ ತರಬಹುದಾದ ಪದಾರ್ಥದ ಸುಳಿವು ಸಿಕ್ಕಿ, ಅಷ್ಟನ್ನೂ ಗೋದಾಮಿನಲ್ಲೇ ನಿಲ್ಲಿಸಿದಳು. ಕಾರ್ಖಾನೆಯ ಮ್ಯಾನೇಜರು ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದ. ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಗುಳೇದಗುಡ್ಡದ ತಾಯಿಗೆ ಮಾತ್ರ ಹೇಳಿದಳು. ಮಗ್ಗದ ಮುಂದೆ ಬದುಕು ಕಳೆದ ಆ ಹೆಂಗಸಿಗೆ ಮಗಳ ಹುದ್ದೆಯ ಹೆಸರೇ ಸೇರಿರಲಿಲ್ಲ.

“ಅಲ್ಲವಾ, ಇಷ್ಟ್ ವರ್ಷ ಔಷಧ ಮಾಡೂದು ಕಲತಿ. ಈಗ ಮಂದಿ ಮಾಡಿದ್ದರಾಗ ಹೊಲಸ ಹುಡಕತಿಯೇನು?”

“ಹೂಂ ಯವ್ವಾ.”

“ಸಿಗತೈತಿ?”

“ಸಿಗತೈತಿ.”

“ಹಂಗಾರ ಬಿಡಬ್ಯಾಡ,” ಎಂದಳು ತಾಯಿ.