ಅಕ್ಕನ ಚೀಟಿಯ ತಾರೀಕು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ದರ್ಜಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ನಾಳೆ ಮಾಸ್ಟ್ರು’. ಈ ಬಿರುದನ್ನು ಅವನು ಸ್ವಂತ ದುಡಿಮೆಯಿಂದಲೇ ಸಂಪಾದಿಸಿದ್ದ. ಮೂವತ್ತು ವರ್ಷ ಅಂಗಡಿಗೆ ಬಂದವರ ಮೂಗಿಗೆಲ್ಲ ‘ನಾಳೆ ಬನ್ನಿ’ ಎಂದು ತುಪ್ಪ ಸವರಿ ಕಳಿಸಿದ್ದ. ಮದುವೆ ಗಂಡಿನ ಕೋಟನ್ನು ಮದುವೆ ಮುಗಿದ ಮೂರನೆಯ ದಿನ ಕೊಟ್ಟಿದ್ದ. ಶಾಲೆಯ ಸಮವಸ್ತ್ರ ಅವನ ಕೈಯಿಂದ ಬಿಡುಗಡೆಯಾಗುವ ಹೊತ್ತಿಗೆ ಮಗು ಒಂದು ತರಗತಿ ಮುಂದಕ್ಕೂ ಎರಡು ಅಂಗುಲ ಮೇಲಕ್ಕೂ ಹೋಗಿರುತ್ತಿತ್ತು. ಹಾಗೆಂದು ಕೆಲಸದಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಬಟ್ಟೆ ಸವೆದು ಹೋಗುತ್ತಿತ್ತೇ ಹೊರತು ಅವನ ಹೊಲಿಗೆ ಬಿಚ್ಚಿಕೊಳ್ಳುತ್ತಿರಲಿಲ್ಲ. “ಅವಸರದ ಹೊಲಿಗೆ ಹೊಲಿಗೆಯೇ ಅಲ್ಲ” ಎಂದು ಗಂಭೀರವಾಗಿ ತತ್ತ್ವ ಹೇಳುತ್ತಿದ್ದ. ತನ್ನ ಸೋಮಾರಿತನಕ್ಕೆ ಅಷ್ಟು ಚೆಂದದ ಅಂಗಿಯನ್ನು ಬೇರೆ ಯಾವ ದರ್ಜಿಯೂ ಹೊಲಿದಿರಲಾರ ಎಂಬುದು ಅವನಿಗೂ ಗೊತ್ತಿತ್ತು.

ಅಂಗಡಿ ನಡೆಯುತ್ತಿದ್ದುದು ಅಕ್ಕನಿಂದ. ಎಂಟಡಿ ಅಗಲದ ಕೋಣೆ. ಒಂದು ಬದಿಗೆ ಬಟ್ಟೆ ಕತ್ತರಿಸುವ ಮೇಜು, ಅದರ ಕೆಳಗೆ ಗಂಟುಗಳ ರಾಶಿ, ನಡುವೆ ಅವನ ಹೊಲಿಗೆ ಯಂತ್ರ, ಕಿಟಕಿಯ ಪಕ್ಕ ಅಕ್ಕನ ಸ್ಟೂಲು. ಕಾಜ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು ಅವಳ ಪಾಲು. ಅದಕ್ಕಿಂತ ದೊಡ್ಡ ಕೆಲಸ ಚೀಟಿಯದು. ಬಂದ ಪ್ರತಿ ಬಟ್ಟೆಗೂ ಯಾರದು, ಏನು ಹೊಲಿಯಬೇಕು, ಯಾವ ತಾರೀಕಿಗೆ ಕೊಡಬೇಕು ಎಂದು ಒಂದು ಚೀಟಿ ಬರೆದು ಗುಂಡುಸೂಜಿ ಚುಚ್ಚಿಡುತ್ತಿದ್ದಳು. ತಮ್ಮ ಆ ಚೀಟಿಗಳಿಗೆ ಎಂದೂ ಸೊಪ್ಪು ಹಾಕಿದವನಲ್ಲ.

“ಲೋ, ನಾನು ಬರೆದ ತಾರೀಕು ನಿನ್ನ ಕಣ್ಣಿಗೆ ಕಾಣ್ಸಲ್ವೇನೋ?”

“ಕಾಣ್ಸುತ್ತೆ ಅಕ್ಕಾ. ನಾಳೆ ಮುಗಿಸಿಬಿಡ್ತೀನಿ.”

ಅಂಥ ಅಕ್ಕನಿಗೆ ಬೆನ್ನುನೋವು ಶುರುವಾಯಿತು. ಸ್ಟೂಲಿನ ಮೇಲೆ ಕೂತು ಕೂತು ಬಂದದ್ದೆಂದು ಎಲ್ಲರೂ ಅಂದುಕೊಂಡರು. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳಿಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಎಲ್ಲ ಮುಗಿದ ಮೇಲೆ ಕಾಗದಪತ್ರ ತರಲು ಆಸ್ಪತ್ರೆಗೆ ಹೋದ ದರ್ಜಿ ಡಾಕ್ಟರ ಮುಂದೆ ನಿಂತು ಕೇಳಿದ.

“ಮೊದಲೇ ಗೊತ್ತಾಗಿದ್ರೆ ಉಳೀತಿದ್ಲಾ ಡಾಕ್ಟ್ರೇ?”

“ಹೆಚ್ಚು ದಿನ ಇರ್ತಿದ್ರೋ ಏನೋ. ಆದ್ರೆ ಇದು ಒಳಗೇ ಅಡಗಿ ಕೂತಿರುತ್ತೆ. ಮೊದಲೇ ಹಿಡಿಯೋ ಅಂಥ ಸುಲಭದ ಪರೀಕ್ಷೆ ಇನ್ನೂ ಸಿಕ್ಕಿಲ್ಲ. ನಮ್ಮ ಸಂಶೋಧನಾ ವಿಭಾಗದವರು ಅದನ್ನೇ ಹುಡುಕ್ತಿದ್ದಾರೆ. ದುಡ್ಡು ಸಾಲ್ತಿಲ್ಲ.”

“ಯಾವಾಗ ಸಿಗುತ್ತೆ?”

“ಸಿಗುತ್ತೆ. ಇವತ್ತಲ್ಲ ನಾಳೆ.”

ಆ ಮಾತಿನ ಬೆಲೆ ಎಷ್ಟೆಂದು ದರ್ಜಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ವಿಭಾಗಕ್ಕೆ ಅಕ್ಕನ ಹೆಸರಲ್ಲಿ ದುಡ್ಡು ಕೂಡಿಸಿ ಕೊಡಬೇಕೆಂದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದ. ತೀರ್ಮಾನಿಸಿದ್ದು ಒಂದೇ ಗಳಿಗೆಯಲ್ಲಿ, ಶುರುಮಾಡಿದ್ದು ಹನ್ನೊಂದು ತಿಂಗಳ ಮೇಲೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಕೊನೆಗೊಂದು ದಿನ ಮೇಜಿನ ಮೇಲೊಂದು ದಾನದ ಡಬ್ಬಿ ಬಂತು, ಅಂಗಡಿಯ ಮುಂದೆ ಬೋರ್ಡು ತೂಗಿತು. ‘ಈ ತಿಂಗಳ ಹೊಲಿಗೆಯ ಕೂಲಿಯೆಲ್ಲ ನಮ್ಮ ಅಕ್ಕನ ನೆನಪಿನಲ್ಲಿ ಕ್ಯಾನ್ಸರ್ ಸಂಶೋಧನೆಗೆ. ಹೇಳಿದ ತಾರೀಕಿಗೆ ಬಟ್ಟೆ ಸಿಗುತ್ತದೆ. ತಡವಾದರೆ, ಬಟ್ಟೆ ಉಡುವವರ ಕೈ ಸೇರುವವರೆಗೆ ದಿನಕ್ಕೆ ಒಂದು ಅಂಗಿಯ ಕಾಜದ ಕೂಲಿಯನ್ನು ದರ್ಜಿಯೇ ಡಬ್ಬಿಗೆ ಹಾಕುತ್ತಾನೆ.’ ಕಾಜದ ಕೂಲಿ ಎಂದರೆ ಅಕ್ಕನ ಕೂಲಿ. ಅದೊಂದನ್ನು ಮಾತ್ರ ಅವನು ಯೋಚಿಸಿ ಬರೆದಿದ್ದ.

ಪಕ್ಕದ ಇಸ್ತ್ರಿ ಅಂಗಡಿಯವನು ಬೋರ್ಡನ್ನು ಎರಡು ಸಲ ಓದಿದ.

“ಮಾಸ್ಟ್ರೇ, ಆಸ್ಪತ್ರೆಯವರಿಗೆ ಯೋಗ ಬಂತು ಬಿಡಿ. ನೀವು ತಡ ಮಾಡೋ ದುಡ್ಡಲ್ಲೇ ಇನ್ನೊಂದು ಮಹಡಿ ಏಳುತ್ತೆ.”

ಓಣಿಗೆಲ್ಲ ಸುದ್ದಿ ಹಬ್ಬಿತು. ಜನ ಮುಗಿಬಿದ್ದರು. ದಾನದ ಪುಣ್ಯ ಎಷ್ಟು ಜನಕ್ಕೆ ಬೇಕಿತ್ತೋ ಗೊತ್ತಿಲ್ಲ. ನಾಳೆ ಮಾಸ್ಟ್ರು ಕೈಯಿಂದ ದಂಡ ಕಟ್ಟುವುದನ್ನು ನೋಡುವ ಆಸೆ ಎಲ್ಲರಿಗೂ ಇತ್ತು. ತಡವಾಗಲೆಂದು ಕೈಲಾದ ಸಹಾಯವನ್ನೂ ಮಾಡಿದರು. ನಿವೃತ್ತ ಪೋಸ್ಟ್‌ಮ್ಯಾನ್ ದಿನಾ ಬಂದು ಯಂತ್ರದ ಎದುರು ಕೂತು ತನ್ನ ಮೊಣಕಾಲಿನ ಚರಿತ್ರೆ ಹೇಳತೊಡಗಿದ. ಶಾಲೆಯ ಟೀಚರಮ್ಮ ಕಾಲರಿನ ಆಕಾರವನ್ನು ಮೂರು ಸಲ ಬದಲಿಸಿದರು. “ಒಳ್ಳೇ ಕೆಲಸಕ್ಕಲ್ವಾ ಮಾಸ್ಟ್ರೇ, ಒಂದೆರಡು ದಿನ ಆಚೆ ಈಚೆ ಮಾಡಿ” ಎಂದು ಬ್ಯಾಂಕಿನ ಕಾವಲುಗಾರ ಬಾಯಿಬಿಟ್ಟೇ ಕೇಳಿದ.

ದರ್ಜಿ ತಲೆ ತಗ್ಗಿಸಿಕೊಂಡು ಹೊಲಿದ. ತಾರೀಕಿಗೆ ಸರಿಯಾಗಿ ಟೀಚರಮ್ಮನ ರವಿಕೆ ಹೋಯಿತು, ಪೋಸ್ಟ್‌ಮ್ಯಾನಿನ ಪ್ಯಾಂಟು ಹೋಯಿತು, ಕಾವಲುಗಾರನ ಎರಡು ಅಂಗಿ ಒಂದು ದಿನ ಮೊದಲೇ ಹೋದವು. ಕಾವಲುಗಾರ ಮೋಸಹೋದವನಂತೆ ಮುಖ ಮಾಡಿಕೊಂಡ. ಒಂದು ಅಂಗಿಗೆ ನಿಜವಾಗಿ ಹಿಡಿಯುವುದು ಅರ್ಧ ದಿನ ಎಂಬ ಸತ್ಯ ದರ್ಜಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಮೂವತ್ತು ವರ್ಷ ಆ ಗುಟ್ಟನ್ನು ಗಿರಾಕಿಗಳಿಂದ ಮಾತ್ರವಲ್ಲ, ತನ್ನಿಂದಲೂ ಬಚ್ಚಿಟ್ಟಿದ್ದ. ಅಕ್ಕ ಇದ್ದಾಗ ಒಂದು ತಿಂಗಳು ಹೀಗೆ ದುಡಿದಿದ್ದರೆ ಅವಳ ಗಂಟಲಾದರೂ ಉಳಿಯುತ್ತಿತ್ತು ಅನ್ನಿಸಿ ಅವನಿಗೆ ನಾಚಿಕೆಯಾಯಿತು.

ಕಾಜಕ್ಕೆ ಅಕ್ಕನ ಮಗಳು ಬರುತ್ತಿದ್ದಳು. ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ಅದು ಮುಗಿದ ಮೇಲೆ ಬಂದು ತಾಯಿಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ತಿಂಗಳ ಕೊನೆಯ ಶನಿವಾರ ಅವಳಿಗೆ ಮಧ್ಯಾಹ್ನವೇ ರಜೆ. ಉಳಿದಿದ್ದದ್ದು ಒಂದೇ ಕೋಟು. ಒಳಪದರಕ್ಕೆ ಬಟ್ಟೆ ಹುಡುಕುತ್ತ ಅವಳು ಮೇಜಿನ ಕೆಳಗೆ ಕೈಹಾಕಿ, ಗೋಡೆಗೆ ಒತ್ತಿಕೊಂಡಿದ್ದ ಕಟ್ಟಕಡೆಯ ಗಂಟನ್ನು ಎಳೆದಳು. ದರ್ಜಿಯ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಬಿಟ್ಟಿತು.

ಗಂಟಿನಲ್ಲಿ ತಿಳಿನೀಲಿ ಹತ್ತಿ ಬಟ್ಟೆ. ಬೆನ್ನು, ತೋಳು, ಮುಂಭಾಗ ಎಲ್ಲ ಕತ್ತರಿಸಿಟ್ಟದ್ದು ಹಾಗೇ ಇತ್ತು. ಮೇಲೊಂದು ಚೀಟಿ. ಅಕ್ಕನ ಕೈಬರಹ: ‘ನನ್ನದು. ಮುಂದೆ ತೆರೆಯುವ ನಿಲುವಂಗಿ. ಹದಿನಾಲ್ಕನೇ ತಾರೀಕು.’

“ಮಾಮ, ಇದು ಅಮ್ಮ ಬರೆದಿದ್ದು.”

‘ಕರೆಂಟು ಹೋಗಿತ್ತು’, ‘ಯಂತ್ರದ ಪಟ್ಟಿ ಹರಿದಿತ್ತು’, ‘ಈ ಬಣ್ಣದ ದಾರ ಸಿಗಲಿಲ್ಲ’. ದರ್ಜಿಯ ನಾಲಿಗೆಯಲ್ಲಿ ನೆಪಗಳ ಅಂಗಡಿಯೇ ಇತ್ತು. ಆ ಹೊತ್ತಿಗೆ ಒಂದೂ ಕೈಗೆ ಬರಲಿಲ್ಲ.

“ಆಸ್ಪತ್ರೇಲಿ ಕೊಡೋ ಅಂಗಿ ಹಿಂದುಗಡೆ ಕಟ್ಟೋದು. ಕೈಗೆ ಸೂಜಿ, ನಳಿಕೆ ಎಲ್ಲ ಇರೋವಾಗ ನಿಮ್ಮಮ್ಮನಿಗೆ ತೊಡೋದೂ ಕಷ್ಟ, ಬಿಚ್ಚೋದೂ ಕಷ್ಟ. ನಡುವೆ ಒಂದು ವಾರ ಮನೆಗೆ ಬಂದ್ಲಲ್ಲ, ಆಗ ಬಟ್ಟೆ ತಂದು ಕೊಟ್ಲು. ಒಂದು ಹೊಲಿದುಕೊಡೋ ಅಂದ್ಲು. ಕತ್ತರಿಸಿದೆ. ಕೇಳಿದಾಗೆಲ್ಲ ನಾಳೆ ಅಂದೆ.”

“ಆಮೇಲೆ?”

“ಹದಿನೇಳಕ್ಕೆ ಅವಳೇ ಹೋದ್ಲು.”

ಅದನ್ನು ಹೊಲಿದುಬಿಟ್ಟರೆ ಅಕ್ಕ ನಿಜಕ್ಕೂ ರೋಗಿಯಾಗಿಬಿಡುತ್ತಾಳೆಂದು ಹೆದರಿದ್ದೆ ಎಂದು ಹೇಳಬಹುದಿತ್ತು. ಕೇಳಲು ಚೆನ್ನಾಗಿರುತ್ತಿತ್ತು, ಅರ್ಧ ನಿಜವೂ ಆಗಿತ್ತು. ಉಳಿದರ್ಧ ಬರೀ ಹಳೇ ಚಾಳಿ. ಯಾವುದು ಎಷ್ಟು ಗೇಣು ಎಂದು ಅಳೆಯುವ ಟೇಪು ಅವನ ಹತ್ತಿರ ಇರಲಿಲ್ಲ.

ಅವಳು ಗುಂಡುಸೂಜಿ ತೆಗೆದು ಚೀಟಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಬಟ್ಟೆಯನ್ನು ತಂದು ಯಂತ್ರದ ಮೇಲಿಟ್ಟಳು.

“ಹೊಲಿ ಮಾಮ.”

ಕೋಟನ್ನು ಅವಳು ಕೈಗೆತ್ತಿಕೊಂಡಳು, ನಿಲುವಂಗಿಯನ್ನು ಅವನು. ಸಂಜೆಯ ಹೊತ್ತಿಗೆ ತೋಳು, ಕತ್ತು, ಅಂಚು ಮುಗಿದವು. ಕಾಜಕ್ಕೆಂದು ಅವಳು ಕೈಚಾಚಿದರೆ ಅವನು ಕೊಡಲಿಲ್ಲ. “ಇದರದ್ದು ನಾನೇ ಮಾಡ್ತೀನಿ” ಎಂದ. ಮೂವತ್ತು ವರ್ಷದಿಂದ ಕಾಜ ಮುಟ್ಟದ ಕೈ. ಏಳು ಕಾಜಗಳಲ್ಲಿ ಒಂದರ ಕಣ್ಣು ಕಿರಿದಾಗಿತ್ತು, ಇನ್ನೊಂದು ನಿದ್ದೆಗಣ್ಣಿನ ಹಾಗಿತ್ತು, ಆದರೂ ಮುಗಿಯಿತು. ಏನೋ ಗೆದ್ದವನಂತೆ ಅಂಗಿಯನ್ನು ಎತ್ತಿ ತೋರಿಸಿದ.

ಅವಳು ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಮಾಮ, ಕಾಜ ಎಡಗಡೆ ಬಂದಿದೆ. ಇದು ಗಂಡಸರ ಅಂಗಿ.”

ಗಂಡಸರಿಗೆ ಕಾಜ ಎಡಕ್ಕೆ, ಹೆಂಗಸರಿಗೆ ಬಲಕ್ಕೆ. ಕಸುಬು ಕಲಿಯುವವರಿಗೆ ಮೊದಲ ವಾರ ಹೇಳಿಕೊಡುವ ಪಾಠ. ಇಷ್ಟು ವರ್ಷ ಅಕ್ಕನೇ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದುದರಿಂದ ಮಾಸ್ಟ್ರು ಮರೆತೇಬಿಟ್ಟಿದ್ದರು. ಅವಳು ನಗತೊಡಗಿದಳು, ಅವನೂ ನಕ್ಕ. ನಗುತ್ತಲೇ ಅವಳ ಕಣ್ಣು ತುಂಬಿತು. ಇಬ್ಬರೂ ಎಂಟಡಿ ಅಗಲದ ಕೋಣೆಯಲ್ಲಿ ಕೂತು ಮನಸಾರೆ ಅತ್ತರು.

“ಅಮ್ಮ ಇದ್ದಿದ್ರೆ ನಿನ್ನ ಮುಖಕ್ಕೇ ಎಸೀತಿದ್ಲು.”

“ಎಸೀತಿದ್ಲು. ಇರು, ಸರಿಮಾಡಿ ಕೊಡ್ತೀನಿ, ನಾಳೆ...” ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಅವನ ಮುಖ ನೋಡುತ್ತ ಕಾದಳು.

“ಕೂತ್ಕೋ. ಈಗಲೇ ಮಾಡ್ತೀನಿ.”

ಕಾಜ ಎಂದರೆ ಬಟ್ಟೆಯಲ್ಲಿ ಕೊಯ್ದ ಸೀಳು. ದಾರ ಬಿಚ್ಚಿದರೂ ಬಟ್ಟೆ ಕೂಡಿಕೊಳ್ಳುವುದಿಲ್ಲ. ಎರಡೂ ಕಡೆಯ ಪಟ್ಟಿಯನ್ನು ಬಿಚ್ಚಿ, ಉಳಿದ ತುಂಡಿನಲ್ಲಿ ಹೊಸ ಪಟ್ಟಿ ಕತ್ತರಿಸಿ, ಬಲಕ್ಕೆ ಏಳು ಕಾಜ ಹೊಲಿದು, ಎಡಕ್ಕೆ ಏಳು ಗುಂಡಿ ಹಚ್ಚಿದ. ರಾತ್ರಿಯೇ ಆಯಿತು. ಬಾಗಿಲು ಹಾಕಲು ಹೊರಟಿದ್ದ ಇಸ್ತ್ರಿಯವನು ಅಂಗಿಯನ್ನು ನೋಡಿ, ಯಾರದೆಂದು ಕೇಳದೆ, ಮತ್ತೆ ಪೆಟ್ಟಿಗೆ ಬಿಸಿಮಾಡಿ ಇಸ್ತ್ರಿ ಹಾಕಿಕೊಟ್ಟ.

ಮರುದಿನ ಅಕ್ಕನ ಮಗಳು ಅದನ್ನು ಆಸ್ಪತ್ರೆಗೆ ಒಯ್ದು, ಅಕ್ಕ ಮಲಗಿದ್ದ ವಾರ್ಡಿನಲ್ಲೇ, ಅಕ್ಕನಷ್ಟೇ ಎತ್ತರದ ಒಬ್ಬ ಹೆಂಗಸಿಗೆ ಕೊಟ್ಟು ಬಂದಳು.

“ಏನಂದ್ರು?” ದರ್ಜಿ ಕೇಳಿದ.

“ಕೈ ಸಲೀಸಾಗಿ ಹೋಗುತ್ತೆ ಅಂದ್ರು. ಅಷ್ಟೇ.”

ಅಷ್ಟೇ ಸಾಕಾಗಿತ್ತು, ಅಷ್ಟೇ ಸಂಕಟವೂ ಆಯಿತು. ಒಂದು ಮಧ್ಯಾಹ್ನದ ಕೆಲಸ. ಅಕ್ಕ ಕೇಳಿದ್ದು ಅಷ್ಟನ್ನೇ.

ತಿಂಗಳು ಮುಗಿಯಿತು. ಸಂಶೋಧನಾ ವಿಭಾಗಕ್ಕೆ ದುಡ್ಡು ಸೇರಿತು. ಅಕ್ಕನ ಹೆಸರಿದ್ದ ರಸೀತಿ ಕಿಟಕಿಯ ಪಕ್ಕದ ಗೋಡೆ ಏರಿತು, ಅದರ ಪಕ್ಕ ತಿಳಿನೀಲಿ ಅಂಗಿಯ ಚೀಟಿ. ಬೋರ್ಡು ಮಾತ್ರ ಇಳಿಯಲಿಲ್ಲ, ಡಬ್ಬಿಯೂ ಮೇಜಿನ ಮೇಲೇ ಉಳಿಯಿತು. ದಿನಾ ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಡುವ ಮೊದಲು ದರ್ಜಿ ಅದರೊಳಕ್ಕೆ ಒಂದು ಅಂಗಿಯ ಕಾಜದ ಕೂಲಿ ಹಾಕುತ್ತಿದ್ದ.

ಇಸ್ತ್ರಿಯವನು ಒಂದು ವಾರ ನೋಡಿದ, ಎರಡು ವಾರ ನೋಡಿದ, ಕೊನೆಗೆ ಕೇಳಿಯೇಬಿಟ್ಟ.

“ತಿಂಗಳು ಮುಗೀತಲ್ಲ ಮಾಸ್ಟ್ರೇ? ಎಲ್ಲರದ್ದೂ ಹೊತ್ತಿಗೆ ಸರಿಯಾಗಿ ಕೊಟ್ಟು ನಮ್ಮ ಮಾನ ಕಳೆದ್ರಿ. ಇನ್ಯಾಕೆ ದಂಡ?”

“ಒಂದು ಬಟ್ಟೆ ತಡ ಆಗಿದೆ.”

“ಹೊಲಿದಾಯ್ತಾ?”

“ಆಯ್ತು.”

“ಮತ್ತೆ?”

ದರ್ಜಿ ಬೋರ್ಡಿನ ಕಡೆ ಕೈ ತೋರಿಸಿದ. ‘ಬಟ್ಟೆ ಉಡುವವರ ಕೈ ಸೇರುವವರೆಗೆ’ ಎಂದು ಅವನೇ ಬರೆದಿದ್ದ.

“ಅವಳ ಕೈ ಇನ್ನೂ ಸೇರಿಲ್ಲ” ಎಂದು ಹೇಳಿ ಸೂಜಿಗೆ ದಾರ ಪೋಣಿಸತೊಡಗಿದ.